ಸೆಕೆಂಡಿಗೆ ಎಷ್ಟು ಚಿತ್ರ?

ಕಳೆದ ವರ್ಷದ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಬಿ.ಎಸ್‌ಸಿ. ಮುಗಿಸಿದ ಮೇಲೆ ಕ್ಯಾಮೆರಾವನ್ನೇ ನಂಬಿ ಜೀವನ ಸಾಗಿಸುತ್ತಿರುವ ತರುಣ. ಮದುವೆ ಮುಂಜಿಗಳ ಚಿತ್ರ ತೆಗೆಯುತ್ತಿದ್ದವನಿಗೆ ಆಗ ಮೊದಲ ಬಾರಿಗೆ ಹೊರದೇಶದ ಕೆಲಸವೊಂದು ದೊರೆತಿತ್ತು. ಚನ್ನಪಟ್ಟಣದ ಮರದ ಗೊಂಬೆಗಳನ್ನು ತರಿಸಿಕೊಳ್ಳುವ ಅಮೆರಿಕದ ವರ್ತಕರೊಬ್ಬರು, ಆ ಗೊಂಬೆಗಳು ತಯಾರಾಗುವ ಬಗೆಯನ್ನು ಹತ್ತು ನಿಮಿಷದ ಚಿತ್ರವಾಗಿ ತೆಗೆದು ಕಳುಹಿಸಬೇಕೆಂದು ಕೇಳಿದ್ದರು. ಇವನು ಎರಡು ದಿನ ಒಂದು ಕಾರ್ಯಾಗಾರದಲ್ಲಿ ಕುಳಿತು, ಆಲೆಮರದ ತುಂಡು ಲೇತಿನ ಮೇಲೆ ತಿರುಗುತ್ತ ರೂಪು ತಾಳುವುದನ್ನೂ, ಒತ್ತಿ ಹಿಡಿದ ಅರಗು ಉಜ್ಜಿನ ಕಾವಿಗೆ ಕರಗಿ ಮರಕ್ಕೆ ಹತ್ತುವುದನ್ನೂ ಬಹು ಶ್ರದ್ಧೆಯಿಂದ ಚಿತ್ರಿಸಿಕೊಂಡು ಬಂದಿದ್ದನು.

“ಸಾರ್, ಎಲ್ಲ ಹಾಳಾಯಿತು. ನೀವೇ ನೋಡಿ” ಎಂದು ಚಿತ್ರವನ್ನು ನಮ್ಮ ಮುಂದೆ ಓಡಿಸಿದನು. ತೆರೆಯ ಮೇಲೆ ನಸುಗಪ್ಪಾದ ಅಡ್ಡಪಟ್ಟಿಗಳು ಮಿನುಗುತ್ತ, ಕೆಲವೊಮ್ಮೆ ಮೇಲಕ್ಕೂ ಕೆಲವೊಮ್ಮೆ ಕೆಳಕ್ಕೂ ಜಾರುತ್ತಿದ್ದುವು. ಗೊಂಬೆಯ ಕೆಂಪು ಹಳದಿಗಳೆಲ್ಲ ಆ ಪಟ್ಟಿಗಳ ಕೆಳಗೆ ಮಂಕಾಗಿದ್ದುವು.

“ಕ್ಯಾಮೆರಾ ಕೆಟ್ಟಿರಬೇಕು.”

“ಕೆಟ್ಟಿಲ್ಲಪ್ಪ. ಸೆಕೆಂಡಿಗೆ ಎಷ್ಟು ಚಿತ್ರ ಇಟ್ಟಿದ್ದೆ?”

“ಮೂವತ್ತು ಸಾರ್. ಅಮೆರಿಕದವರು ಕೇಳಿದ್ದು ಅದನ್ನೇ.”

“ಷಟರು?”

“ಅರವತ್ತನೆಯ ಒಂದು. ಒಂದು ಚಿತ್ರದ ಅವಧಿಯಲ್ಲಿ ಅರ್ಧ ಕಾಲ ತೆರೆದಿರಬೇಕೆಂದು ಎಲ್ಲರೂ ಹೇಳುತ್ತಾರಲ್ಲ.”

“ಅಲ್ಲಿದ್ದ ದೀಪ ಯಾವುದು?”

“ಟ್ಯೂಬ್‌ಲೈಟು. ಹಳೆಯ ಚೋಕಿನದು.”

ಅಲ್ಲಿಗೆ ರೋಗದ ಮೂಲ ತಿಳಿಯಿತು. ಆದರೆ ತಿಳಿದ ಮಾತ್ರಕ್ಕೆ ನಷ್ಟ ತುಂಬುವುದಿಲ್ಲ. ಮುಂಗಡವಾಗಿ ಬಂದ ಹಣ ಬಾಡಿಗೆ ಕ್ಯಾಮೆರಾಕ್ಕೆ ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಕೆಲಸ ಮಾಡುವವರು ಗೊಂಬೆಯೊಂದಕ್ಕೆ ಇಷ್ಟೆಂದು ಕೂಲಿ ಪಡೆಯುವವರು. ಕ್ಯಾಮೆರಾಕ್ಕಾಗಿ ನಿಧಾನಿಸಿದ, ಮತ್ತೆ ಮತ್ತೆ ಅದೇ ಕೆಲಸವನ್ನು ಮಾಡಿ ತೋರಿಸಿದ ಎರಡು ದಿನಗಳು ಅವರ ಗಂಟಿನಿಂದಲೇ ಹೋದಂತೆ. ಇನ್ನೊಮ್ಮೆ ಹೋಗಿ ಯಾವ ಮುಖದಿಂದ ಕೇಳುವುದೆಂಬುದೇ ಹುಡುಗನ ಚಿಂತೆಯಾಗಿತ್ತು.

ಈ ಎರಡು ದಿನಗಳನ್ನು ನುಂಗಿದುದು ಯಾವುದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಮನೆಗಳಿಗೆ ಬರುವುದು ಪರ್ಯಾಯ ವಿದ್ಯುತ್ಪ್ರವಾಹವೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿದ ವಿಷಯ. ಅದು ಸೆಕೆಂಡಿಗೆ 50 ಆವರ್ತನೆಗಳನ್ನು ಮಾಡುವುದು. ಒಂದೊಂದು ಆವರ್ತನೆಯಲ್ಲಿಯೂ ಪ್ರವಾಹವು ಎರಡು ಬಾರಿ ಶೂನ್ಯಕ್ಕಿಳಿಯುವುದು. ದೀಪಕ್ಕೆ ಪ್ರವಾಹದ ದಿಕ್ಕು ಯಾವುದಾದರೂ ಒಂದೇ. ಅದರ ಪ್ರಮಾಣ ಮಾತ್ರ ಮುಖ್ಯ. ಆದುದರಿಂದ ದೀಪದ ಬೆಳಕು ಸೆಕೆಂಡಿಗೆ 100 ಬಾರಿ ಏರಿ 100 ಬಾರಿ ಇಳಿಯುವುದು. ಇಂಥ ಒಂದು ಏರಿಳಿತವನ್ನು ನಾವು ಒಂದು ಮಿಡಿತವೆಂದು ಕರೆಯೋಣ. ತಂತಿಯ ಹಳೆಯ ಬಲ್ಬಿನಲ್ಲಿ ತಂತಿ ಕಾದು ಬೆಳಗುವುದಷ್ಟೆ, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಅದು ಹೆಚ್ಚೇನೂ ಆರುವುದಿಲ್ಲ, ಮಿಡಿತ ಅತ್ಯಲ್ಪ. ಚೋಕು, ಸ್ಟಾರ್ಟರುಗಳಿಂದ ಉರಿಯುವ ಟ್ಯೂಬಿನಲ್ಲಿ ಮಿಡಿತ ಬಲವಾಗಿರುವುದು. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಹಲವು ಇದೇ ದೋಷಕ್ಕೆ ಗುರಿಯಾಗಿವೆ. ಎಲೆಕ್ಟ್ರಾನಿಕ್ ಚೋಕಿರುವ ಟ್ಯೂಬು ಮಾತ್ರ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಿಡಿಯುವುದರಿಂದ ಕ್ಯಾಮೆರಾಕ್ಕೆ ತೊಂದರೆ ಕೊಡದು. ನಮ್ಮ ಕಣ್ಣಂತೂ ನೂರು ಮಿಡಿತಗಳನ್ನು ಬಿಡಿಬಿಡಿಯಾಗಿ ಕಾಣಲಾರದು. ಎಲ್ಲವನ್ನೂ ಕಲಸಿ ಒಂದೇ ಬೆಳಕೆಂದು ನಮಗೆ ಒಪ್ಪಿಸುವುದು.

ಕ್ಯಾಮೆರಾಕ್ಕೆ ಈ ಔದಾರ್ಯವಿಲ್ಲ. ಒಂದು ಉಪಮಾನ ಹೇಳೋಣ. ಕಪಿಲೆಯ ಬಾವಿಯಿಂದ ಬಾನಿಯೊಂದು ಮೇಲೆ ಬಂದಾಗಲೆಲ್ಲ ನೀರು ಒಮ್ಮೆ ಸುರಿಯುವುದು, ಮತ್ತೆ ನಿಲ್ಲುವುದು. (ಇಂದಿನ ವಿದ್ಯಾರ್ಥಿಗಳು ಕಪಿಲೆಯನ್ನು ಕಂಡಿರಲಾರರು, ಅಜ್ಜಂದಿರನ್ನು ಕೇಳಬಹುದು.) ಸರಿಯಾಗಿ ಎರಡು ಬಾನಿಗಳ ಕಾಲದಷ್ಟು ಕೊಡವನ್ನು ಒಡ್ಡಿದರೆ, ಯಾವ ಗಳಿಗೆಯಲ್ಲಿ ಒಡ್ಡಲು ಮೊದಲು ಮಾಡಿದರೂ ನಮಗೆ ದೊರೆಯುವುದು ಎರಡು ಬಾನಿ ನೀರು. ಆದರೆ ಒಂದೂ ಮುಕ್ಕಾಲು ಬಾನಿಯ ಕಾಲ ಒಡ್ಡಿದೆವೆನ್ನಿ. ಆಗ ಒಮ್ಮೆ ಎರಡು ಬಾನಿ ದೊರೆಯಬಹುದು, ಇನ್ನೊಮ್ಮೆ ಒಂದೇ. ಎಲ್ಲವೂ ನಾವು ಹೊರಟ ಗಳಿಗೆಯನ್ನು ಅವಲಂಬಿಸಿದೆ.

ಷಟರು ತೆರೆದಿರುವ ಕಾಲವೂ ಹೀಗೆಯೇ. ಸೆಕೆಂಡಿನ 50ನೆಯ ಒಂದು ಭಾಗ ತೆರೆದಿದ್ದರೆ ಸರಿಯಾಗಿ ಎರಡು ಮಿಡಿತಗಳು ಒಳಗೆ ಬರುವುವು. 100ನೆಯ ಒಂದು ಭಾಗವಾದರೆ ಸರಿಯಾಗಿ ಒಂದು. 60ನೆಯ ಒಂದು ಭಾಗದಲ್ಲಿ ಬರುವುದು ಒಂದೂ ಮೂರರಲ್ಲೆರಡು ಮಿಡಿತ. ದೀಪದ ಬೆಳಕು ಪ್ರತಿ ಮಿಡಿತದಲ್ಲಿಯೂ ಪೂರ್ತಿ ಆರಿ ಪೂರ್ತಿ ಏರುವುದೆಂದು ಇಟ್ಟುಕೊಂಡು ಗಣಿಸಿದರೆ, ಈ ಸಂದರ್ಭದಲ್ಲಿ ಚಿತ್ರಕ್ಕೆ ದೊರೆಯುವ ಬೆಳಕು ಸರಾಸರಿಗಿಂತ ಸುಮಾರು ನೂರಕ್ಕೆ 16ರಷ್ಟು ಹೆಚ್ಚೂ ಆಗಬಹುದು, ಕಡಮೆಯೂ ಆಗಬಹುದು. ಷಟರನ್ನು ಇನ್ನೂ ಚುರುಕಾಗಿಸಿ 250ನೆಯ ಒಂದು ಭಾಗಕ್ಕೆ ಇಟ್ಟರಂತೂ ಏರುಪೇರು ನೂರಕ್ಕೆ 75ನ್ನು ಮೀರುವುದು! ಕಾಲೇಜಿನ ವಿದ್ಯಾರ್ಥಿಗಳು ಜ್ಯಾ-ವರ್ಗದ ಸಮಾಕಲನದಿಂದ ಇದನ್ನು ತಾವೇ ಸಾಧಿಸಿ ನೋಡಬಹುದು.

ಇಡೀ ಚಿತ್ರ ಒಮ್ಮೆಗೇ ಮಂಕಾಗುವ ಬದಲು ಪಟ್ಟಿಗಳೇಕೆ ಮೂಡಿದುವು? ಇಂದಿನ ಬಹುಪಾಲು ಕ್ಯಾಮೆರಾಗಳು ಚಿತ್ರವನ್ನು ಒಟ್ಟಿಗೆ ಹಿಡಿಯುವುದಿಲ್ಲ. ಪುಸ್ತಕ ಓದುವಂತೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದಿಕೊಳ್ಳುವುವು. ಒಂದೊಂದು ಸಾಲೂ ತನ್ನ ಕೊಡವನ್ನು ಒಡ್ಡುವ ಗಳಿಗೆ ಬೇರೆ. ಹೀಗಾಗಿ ಕೆಲವು ಸಾಲುಗಳಿಗೆ ಬೆಳಕು ಹೆಚ್ಚು, ಕೆಲವಕ್ಕೆ ಕಡಮೆ. ಚಿತ್ರವನ್ನು ಓದಲು ಸೆಕೆಂಡಿನ 50ನೆಯ ಒಂದು ಭಾಗ ಹಿಡಿಯುವ ಕ್ಯಾಮೆರಾದಲ್ಲಿ ಎರಡು ಕಪ್ಪುಪಟ್ಟಿಗಳು ಕಾಣುವುವು.

ಆ ಪಟ್ಟಿಗಳು ಮೇಲಕ್ಕೂ ಕೆಳಕ್ಕೂ ಜಾರುತ್ತಿದ್ದುದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕ್ಯಾಮೆರಾ ತಾನು 30 ಎಂದು ಬರೆದುಕೊಂಡಿದ್ದರೂ ವಾಸ್ತವದಲ್ಲಿ ಅದು ತೆಗೆಯುವುದು ಸೆಕೆಂಡಿಗೆ 29.97 ಚಿತ್ರಗಳನ್ನು. ಮೂರು ಚಿತ್ರಗಳಿಗೆ ಹಿಡಿಯುವ ಕಾಲ 0.1001 ಸೆಕೆಂಡು. ಅಷ್ಟರಲ್ಲಿ ದೀಪ ಮಿಡಿಯುವುದು 10.01 ಬಾರಿ. ಎಂದರೆ, ಮೂರು ಚಿತ್ರಗಳಿಗೊಮ್ಮೆ ಪಟ್ಟಿಗಳು ಹೆಚ್ಚುಕಡಮೆ ಮೊದಲಿನ ಸ್ಥಾನಕ್ಕೇ ಬರುವುವು, ಆದರೆ ಮಿಡಿತದ ನೂರನೆಯ ಒಂದು ಭಾಗದಷ್ಟು ಸರಿದು. ಹತ್ತು ಸೆಕೆಂಡಿಗೆ ಒಂದು ಪೂರ್ತಿ ಸುತ್ತು. ಇದು ವಿದ್ಯುತ್ತಿನ ಆವೃತ್ತಿ ಸರಿಯಾಗಿ 50 ಇದ್ದರೆ ಬರುವ ಲೆಕ್ಕ. ನಮ್ಮ ದೇಶದ ವಿದ್ಯುಜ್ಜಾಲಕ್ಕೆ ವಿಧಿಸಿರುವ ಮೇರೆ 49.90ರಿಂದ 50.05 ಹರ್ಟ್ಜ್. ಬೇಡಿಕೆ ಹೆಚ್ಚಿದರೆ ಆವೃತ್ತಿ ತುಸು ಇಳಿಯುವುದು, ಕುಗ್ಗಿದರೆ ಏರುವುದು. ಅದು 49.95ಕ್ಕೆ ಬಂದಾಗ ಮೂರು ಚಿತ್ರಗಳ ಕಾಲದಲ್ಲಿ ಮಿಡಿತಗಳು ಹೆಚ್ಚುಕಡಮೆ ಸರಿಯಾಗಿ ಹತ್ತಾಗಿ, ಪಟ್ಟಿಗಳ ಜಾರಾಟ ನಿಂತೇಬಿಡುವುದು, 49.90ಕ್ಕೆ ಇಳಿದರೆ ಅವು ತಿರುಗಿ ವಿರುದ್ಧ ದಿಕ್ಕಿಗೆ ನಡೆಯುವುವು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡಿತು. ಅಂದಿನಿಂದ ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಒಂದೇ ಆವೃತ್ತಿ. ಚನ್ನಪಟ್ಟಣದ ಗೊಂಬೆಯ ಮೇಲೆ ಪಟ್ಟಿಯೊಂದು ಮೇಲಿನಿಂದ ಕೆಳಕ್ಕೆ ಹೊರಳಿತೆಂದರೆ, ಆ ಕ್ಷಣದಲ್ಲಿ ಇಡೀ ದೇಶದ ಬೇಡಿಕೆ ಪೂರೈಕೆಗಳ ತಕ್ಕಡಿ ಅಷ್ಟು ಓಲಿತೆಂದು ಅರ್ಥ. ನಮ್ಮ ಶಿಷ್ಯನಿಗೆ ಇದನ್ನು ಹೇಳಿದೆವು. ಅವನ ಮುಖದಲ್ಲಿ ಹೆಚ್ಚು ಸಂತೋಷವೇನೂ ಕಾಣಲಿಲ್ಲ.

“ಹಾಗಾದರೆ ಇಲ್ಲಿಯ ದೀಪಕ್ಕೆ ಹೊಂದುವಂತೆ 25ರಲ್ಲೇ ತೆಗೆದು, ಆಮೇಲೆ 30ಕ್ಕೆ ತಿರುಗಿಸಿದರೆ ಆಗದೆ ಸಾರ್?” ಎಂದು ಕೇಳಿದನು. ಪ್ರಶ್ನೆ ಯೋಗ್ಯವಾದುದೇ. ಇದಕ್ಕೆ ಉತ್ತರ ಹೇಳಲು ಈ ಸಂಖ್ಯೆಗಳು ಎಲ್ಲಿಂದ ಬಂದುವೆಂಬುದನ್ನು ತಿಳಿಯಬೇಕು.

ಮೂಕಿಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಪ್ಯಾರಿಸಿನಲ್ಲಿ 1895ರಲ್ಲಿ ಚಿತ್ರ ತೋರಿಸಿದ ಲ್ಯೂಮಿಯೇರ್ ಸೋದರರ ಯಂತ್ರದ ವೇಗ ಸೆಕೆಂಡಿಗೆ ಸುಮಾರು 16 ಚಿತ್ರ. ತಿರುಗಿಸುವವನ ತೋಳಿನ ಮೇಲೆ ಅದು ಹೆಚ್ಚುವುದೂ ಕುಗ್ಗುವುದೂ ಉಂಟು; ಪ್ರೇಕ್ಷಕರು ಸಹಿಸುತ್ತಿದ್ದರು. ಮಾತು ಬಂದ ಮೇಲೆ ಈ ಸಡಿಲ ನಡೆಯಲಿಲ್ಲ. ವೇಗ ಬದಲಾದರೆ ಧ್ವನಿಯ ಶ್ರುತಿಯೇ ಬದಲಾಗುವುದು. ಕಣ್ಣು ಕ್ಷಮಿಸಿದುದನ್ನು ಕಿವಿ ಕ್ಷಮಿಸಲಾರದು. 1920ರ ದಶಕದ ಕೊನೆಯ ಹೊತ್ತಿಗೆ ಚಲಚ್ಚಿತ್ರಗಳಿಗೆ 24 ಸ್ಥಿರವಾಯಿತು. ಮೂವತ್ತೈದು ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರಗಳಿರುವುದರಿಂದ ನಿಮಿಷಕ್ಕೆ ಸರಿಯಾಗಿ 90 ಅಡಿ ಓಡುವುದು. ಚಿತ್ರಮಂದಿರದ ಯಂತ್ರದಲ್ಲಿ ಒಂದೊಂದು ಚಿತ್ರಕ್ಕೂ ಬೆಳಕನ್ನು ಎರಡೆರಡು ಸಲ ಮರೆಮಾಡಿ ಮಿಣುಕನ್ನು 48ಕ್ಕೆ ಏರಿಸುತ್ತಿದ್ದರು. ಇಲ್ಲವಾದರೆ ಅರ್ಧ ಗಂಟೆಯಲ್ಲಿ ತಲೆನೋವು.

ದೂರದರ್ಶನ ಬಂದಾಗ ಲೆಕ್ಕ ಬೇರೆಯಾಯಿತು. ಅಂದಿನ ಪೆಟ್ಟಿಗೆಗಳಲ್ಲಿ ವಿದ್ಯುತ್ಸರಬರಾಜಿನ ಗುಂಯಿಗುಟ್ಟುವಿಕೆ ಚಿತ್ರದೊಳಕ್ಕೂ ನುಸುಳಿ ಪಟ್ಟಿಯಾಗಿ ಕಾಣುತ್ತಿತ್ತು. ಚಿತ್ರದ ವೇಗವನ್ನು ಊರಿನ ವಿದ್ಯುತ್ತಿಗೇ ಕಟ್ಟಿಹಾಕಿದರೆ ಆ ಪಟ್ಟಿ ಹೊರಳದೆ ನಿಂತಲ್ಲೇ ನಿಲ್ಲುವುದು, ಕಣ್ಣಿಗೆ ಅಷ್ಟು ಬೀಳದು. ಆದುದರಿಂದ 50 ಹರ್ಟ್ಜಿನ ಬ್ರಿಟನ್ನಿನಲ್ಲಿ 1936ರಲ್ಲಿ 25 ಚಿತ್ರಗಳೂ, 60 ಹರ್ಟ್ಜಿನ ಅಮೆರಿಕದಲ್ಲಿ 1941ರಲ್ಲಿ 30 ಚಿತ್ರಗಳೂ ನಿಯಮವಾದುವು. ನಮ್ಮ ದೇಶದ ವಿದ್ಯುತ್ತು 50. 1982ರಲ್ಲಿ ಬಣ್ಣದ ದೂರದರ್ಶನ ಬಂದಾಗ ನಾವೂ 25 ಚಿತ್ರಗಳ ಪಾಲ್ ಪದ್ಧತಿಯನ್ನೇ ಹಿಡಿದೆವು.

ಆ 30 ಎಂಬುದು 29.97 ಆದ ಕಥೆ ಇನ್ನೂ ವಿಚಿತ್ರವಾಗಿದೆ. ಅಮೆರಿಕದ ಚಿತ್ರದಲ್ಲಿ 525 ಗೆರೆಗಳು; ಸೆಕೆಂಡಿಗೆ 30 ಚಿತ್ರವಾದರೆ 15,750 ಗೆರೆಗಳಾದುವು. ಧ್ವನಿಯನ್ನು ಹೊರುವ ಅಲೆ ಚಿತ್ರದ ಅಲೆಯಿಂದ 45 ಲಕ್ಷ ಹರ್ಟ್ಜ್ ದೂರದಲ್ಲಿತ್ತು. 1953ರಲ್ಲಿ ಬಣ್ಣವನ್ನು ಸೇರಿಸಬೇಕಾದಾಗ ಬಣ್ಣದ ಅಲೆಗೂ ಧ್ವನಿಯ ಅಲೆಗೂ ತಾಕಲಾಟವಾಗಿ ತೆರೆಯ ಮೇಲೆ ನವುರಾದ ಗೀರುಗಳು ಹರಿದಾಡುವ ಭಯವಿತ್ತು. ಧ್ವನಿಯ ಅಂತರವು ಗೆರೆಗಳ ಸಂಖ್ಯೆಯ ಪೂರ್ಣ ಗುಣಕವಾದರೆ ಆ ಗೀರುಗಳು ಕಣ್ಣಿಗೆ ಅಡಗುವುವು. 45 ಲಕ್ಷವನ್ನು 15,750ರಿಂದ ಭಾಗಿಸಿದರೆ 285.7 ಬರುವುದು, ಪೂರ್ಣಾಂಕವಲ್ಲ. ಧ್ವನಿಯನ್ನು ಸರಿಸಿದರೆ ಜನರ ಮನೆಗಳಲ್ಲಿದ್ದ ಹಳೆಯ ಪೆಟ್ಟಿಗೆಗಳು ಕೆಡಬಹುದು. ಆದುದರಿಂದ ಎಂಜಿನಿಯರುಗಳು 286 ಎಂಬ ಪೂರ್ಣಾಂಕವನ್ನು ಹಿಡಿದು, ಗೆರೆಗಳನ್ನೇ ಸೆಕೆಂಡಿಗೆ 15,734.27ಕ್ಕೆ ಇಳಿಸಿದರು. ಅದನ್ನು 525ರಿಂದ ಭಾಗಿಸಿ ನೋಡಿ: 29.97. ಆ ಹಳೆಯ ಪೆಟ್ಟಿಗೆಗಳು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಅಮೆರಿಕದಲ್ಲಿ ಪೂರ್ಣಶಕ್ತಿಯ ಕೇಂದ್ರಗಳ ಆ ಪ್ರಸಾರವೂ 2009ರಲ್ಲಿ ನಿಂತಿತು. ಸಾವಿರದಲ್ಲೊಂದು ಪಾಲಿನ ಆ ಕಡಿತ ಮಾತ್ರ ಇಂದಿನ ಅಂಕೀಯ ಕ್ಯಾಮೆರಾಗಳಲ್ಲಿಯೂ ಉಳಿದುಬಂದಿದೆ. ಅದೇ ಕಡಿತದಿಂದ 24 ಎಂಬುದು 23.976 ಆಗಿದೆ, 60 ಎಂಬುದು 59.94.

ಇಷ್ಟು ಸಣ್ಣ ವ್ಯತ್ಯಾಸದಿಂದ ಆಗುವುದೇನೆಂದು ಕೇಳಬಹುದು. 24ರಲ್ಲಿ ತೆಗೆದ ಚಿತ್ರವನ್ನು ಅರಿಯದೆ 23.976ರಲ್ಲಿ ಓಡಿಸಿ, ಬೇರೆ ಯಂತ್ರದಲ್ಲಿ ಹಿಡಿದ ಧ್ವನಿಯನ್ನು ಹಾಗೆಯೇ ಸೇರಿಸಿದರೆ, ಗಂಟೆಗೆ 3.6 ಸೆಕೆಂಡು ಅಂತರ ಬೀಳುವುದು. ಮಾತು ತುಟಿಗಿಂತ ಸೆಕೆಂಡಿನ ನೂರನೆಯ ನಾಲ್ಕೂವರೆ ಭಾಗ ಮುಂದಾದರೆ ನೋಡುವವರಿಗೆ ಗೊತ್ತಾಗುವುದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಗುರುತಿಸಿದೆ. ಆ ಮಿತಿಯನ್ನು ಮುಟ್ಟಲು ಮುಕ್ಕಾಲು ನಿಮಿಷ ಸಾಕು.

ಈಗ ಶಿಷ್ಯನ ಪ್ರಶ್ನೆಗೆ ಬರೋಣ. 24ನ್ನು 25 ಮಾಡುವುದು ಸುಲಭ. ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡಿಸಿದರಾಯಿತು. ಯೂರೋಪಿನ ದೂರದರ್ಶನದಲ್ಲಿ ಚಲಚ್ಚಿತ್ರಗಳನ್ನು ದಶಕಗಳ ಕಾಲ ಹೀಗೆಯೇ ತೋರಿಸಿದರು; ಎರಡು ಗಂಟೆಯ ಚಿತ್ರ ಐದು ನಿಮಿಷ ಮೊದಲೇ ಮುಗಿಯುತ್ತಿತ್ತು. ಆದರೆ 25ನ್ನು 30 ಮಾಡಬೇಕಾದರೆ ಐದು ಚಿತ್ರಗಳ ಎಡೆಯಲ್ಲಿ ಆರನೆಯದೊಂದನ್ನು ಹುಟ್ಟಿಸಬೇಕು. ಐದರಲ್ಲೊಂದನ್ನು ಎರಡು ಬಾರಿ ತೋರಿಸಿದರೆ, ಸೆಕೆಂಡಿಗೆ ಐದು ಸಲ ಚಲನೆ ಮುಗ್ಗರಿಸುವುದು. ಅಕ್ಕಪಕ್ಕದ ಎರಡನ್ನು ಬೆರೆಸಿದರೆ ಅಂಚುಗಳು ಎರಡೆರಡಾಗಿ ಕಾಣುವುವು. ನಡುವಿನ ಚಿತ್ರವನ್ನು ಗಣಕಯಂತ್ರವೇ ಊಹಿಸಿ ಬರೆಯುವ ಉಪಾಯವೂ ಇದೆ. ನಿಂತು ಮಾತನಾಡುವವರಿಗೆ ಅದು ಸಾಕು. ಲೇತಿನಿಂದ ಸುರುಳಿಸುರುಳಿಯಾಗಿ ಚಿಮ್ಮುವ ಮರದ ಹೊಟ್ಟನ್ನು ಅದು ಊಹಿಸಲಾರದು. ಅಂಟಂಟಾದ ಮುದ್ದೆ ಮಾಡಿಬಿಡುವುದು. ಆದುದರಿಂದ ಚಿತ್ರದ ವೇಗವನ್ನು ನೋಡುವವರ ದೇಶಕ್ಕೆ ಹೊಂದಿಸಬೇಕು, ಷಟರಿನ ಕಾಲವನ್ನು ದೀಪ ಉರಿಯುವ ದೇಶಕ್ಕೆ ಹೊಂದಿಸಬೇಕು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದುದೇ ನಮ್ಮ ಶಿಷ್ಯನು ಮಾಡಿದ ತಪ್ಪು. ಷಟರು ಅರ್ಧ ಕಾಲ ತೆರೆದಿರಬೇಕೆಂಬುದು ಚಲನೆಯ ಮಸುಕು ಹಿತವಾಗಿ ಕಾಣಲೆಂದು ಹುಟ್ಟಿದ ರೂಢಿಯೇ ಹೊರತು ಪ್ರಕೃತಿನಿಯಮವಲ್ಲ.

ಅಮೆರಿಕಕ್ಕೆ 29.97ರಲ್ಲಿ ತೆಗೆಯುವಾಗ ನಮ್ಮ ದೀಪಗಳ ಕೆಳಗೆ ಷಟರನ್ನು 50ನೆಯ ಒಂದು ಭಾಗಕ್ಕೆ ಇಟ್ಟರೆ ಮಸುಕು ರೂಢಿಗಿಂತ ತುಸು ಹೆಚ್ಚಾಗುವುದಷ್ಟೆ; ಸಾಮಾನ್ಯರಿಗೆ ತಿಳಿಯದು. ಆವೃತ್ತಿ 49.90ಕ್ಕೆ ಇಳಿದರೂ ಬೆಳಕಿನ ಏರುಪೇರು ನೂರಕ್ಕೆ ಕಾಲುಭಾಗವನ್ನೂ ಮುಟ್ಟುವುದಿಲ್ಲ. 59.94ರಲ್ಲಿ ಮಾತ್ರ 50ನೆಯ ಒಂದು ಭಾಗ ಸಾಧ್ಯವೇ ಇಲ್ಲ. ಒಂದು ಚಿತ್ರದ ಪೂರ್ಣ ಅವಧಿಯೇ ಅದಕ್ಕಿಂತ ಕಡಮೆಯಲ್ಲವೆ? ಅಲ್ಲಿ 100ನೆಯ ಒಂದು ಭಾಗವೇ ಗತಿ. ಬೇಡಿಕೆಯಲ್ಲಿ ವೇಗ ಹೇಳದೆ ಬಿಟ್ಟಿದ್ದರೆ ಪತ್ರ ಬರೆದು ಕೇಳುವುದೇ ಮೇಲು. ಆಯ್ಕೆ ನಮ್ಮದೇ ಆದರೆ ನಾವು 23.976ರ ಪಕ್ಷಪಾತಿಗಳು: 50ನೆಯ ಒಂದು ಭಾಗವು ಅದರ ಅವಧಿಯ ಅರ್ಧಕ್ಕೆ ಬಹು ಸಮೀಪ, ದೀಪಕ್ಕೂ ರೂಢಿಗೂ ಒಟ್ಟಿಗೆ ಸಲ್ಲುವುದು. ಅಂತರ್ಜಾಲದಲ್ಲಿ ಎಲ್ಲ ವೇಗಗಳೂ ಓಡುವುವೆಂಬ ಮಾತನ್ನು ಕೇಳುತ್ತೇವೆ. ಓಡುವುದೇನೋ ನಿಜ. ಆದರೆ ಬಹುಪಾಲು ಗಣಕಗಳ ತೆರೆ ಸೆಕೆಂಡಿಗೆ 60 ಸಲ ಹೊಸದಾಗುವುದು. 30 ಅದರಲ್ಲಿ ಸಮನಾಗಿ ಕೂರುವುದು, 25 ಎರಡು ಮೂರುಗಳ ಕುಂಟು ನಡಿಗೆಯಲ್ಲಿ ಕೂರುವುದು.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಜಪಾನಿನಲ್ಲಿ ಒಂದೇ ದೇಶದೊಳಗೆ ಇದು ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೋ ಜರ್ಮನಿಯಿಂದಲೂ ಒಸಾಕ ಅಮೆರಿಕದಿಂದಲೂ ಉತ್ಪಾದಕಯಂತ್ರಗಳನ್ನು ತರಿಸಿಕೊಂಡುವು. ಇಂದಿಗೂ ಫೂಜಿ ನದಿಯ ಆಸುಪಾಸಿನಿಂದ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ದೂರದರ್ಶನ ಮಾತ್ರ ದೇಶಕ್ಕೆಲ್ಲ ಅಮೆರಿಕದ ವೇಗದ್ದೇ. ಟೋಕಿಯೋದಲ್ಲಿ ಟ್ಯೂಬಿನ ಕೆಳಗೆ ಚಿತ್ರ ತೆಗೆಯುವವನು ಬೆಂಗಳೂರಿನಲ್ಲಿ ಅಮೆರಿಕಕ್ಕಾಗಿ ತೆಗೆಯುವವನ ಲೆಕ್ಕವನ್ನೇ ಮಾಡಬೇಕು.

ವಾಚಕರಲ್ಲಿ ಕುತೂಹಲಿಗಳು ಕೈಯಲ್ಲಿರುವ ಫೋನಿನಿಂದಲೇ ಇದನ್ನು ಪರೀಕ್ಷಿಸಬಹುದು. ಹಳೆಯ ಚೋಕಿನ ಟ್ಯೂಬನ್ನು ಹುಡುಕಿ, ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿಯಲ್ಲಿ ತೆಗೆಯಿರಿ. ಎಂಟು ಪಟ್ಟು ನಿಧಾನವಾಗಿ ತೋರಿಸಿದಾಗ ಸೆಕೆಂಡಿಗೆ ಹನ್ನೆರಡೂವರೆ ಮಿಡಿತಗಳು ಬರಿಗಣ್ಣಿಗೆ ಕಾಣುವುವು. ನಿಮಿಷಕ್ಕೆ 300 ಸುತ್ತು ಸುತ್ತುವ ಮೂರು ರೆಕ್ಕೆಯ ಫ್ಯಾನು 30ರ ಚಿತ್ರದಲ್ಲಿ ಆರು ರೆಕ್ಕೆಯದಾಗಿ ನಿಂತಂತೆ ಕಾಣುವುದು. ಏಕೆಂಬುದನ್ನು ನೀವೇ ಯೋಚಿಸಿರಿ. ಇದು ಬರಿಯ ವಿನೋದವೂ ಅಲ್ಲ. ನಿಮಿಷಕ್ಕೆ 1,500 ಸುತ್ತು ತಿರುಗುವ ಲೇತಿನ ನಾಲ್ಕು ಹಲ್ಲಿನ ಹಿಡಿ ಇಂಥ ಟ್ಯೂಬಿನ ಕೆಳಗೆ ಬರಿಗಣ್ಣಿಗೇ ನಿಂತಂತೆ ತೋರಬಹುದು. ಕೈಯಿಟ್ಟವನ ಗತಿಯೇನು!

ಎರಡು ವಾರಗಳ ತರುವಾಯ ಶಿಷ್ಯನೊಡನೆ ನಾವೂ ಚನ್ನಪಟ್ಟಣಕ್ಕೆ ಹೋದೆವು. ಅಲ್ಲಿಯ ಹಿರಿಯರು ಗೊಣಗದೆ ಇರಲಿಲ್ಲ. “ಮೊನ್ನೆಯೇ ಎಲ್ಲ ಮಾಡಿ ತೋರಿಸಿದೆವಲ್ಲಪ್ಪ, ಈ ಸಲ ಏನು ಕಾಣಬೇಕು?” ಎಂದರು. ಕೂಲಿಯ ನಷ್ಟವನ್ನು ಮೊದಲೇ ಎಣಿಸಿಕೊಟ್ಟ ಮೇಲೆ ಲೇತು ತಿರುಗಿತು. ವೇಗ 29.97, ಷಟರು ಐವತ್ತನೆಯ ಒಂದು. ಪುಟ್ಟ ತೆರೆಯ ಮೇಲೆ ಟ್ಯೂಬಿನ ಬೆಳಕು ಹಾಲಿನಂತೆ ನಿಂತಿತು. ಹೊಟ್ಟು ಚಿಮ್ಮುವುದನ್ನು ಸೆಕೆಂಡಿಗೆ 120ರಂತೆ ಹಿಡಿಯುವ ಆಸೆ ಅವನಿಗಿತ್ತು. ಆ ವೇಗದಲ್ಲಿ ಒಂದು ಪೂರ್ಣ ಮಿಡಿತಕ್ಕೂ ಷಟರು ತೆರೆದಿರಲು ಎಡೆಯಿಲ್ಲ. ಟ್ಯೂಬನ್ನು ಆರಿಸಿ, ಬಾಗಿಲ ಬಳಿಯ ಲೇತಿನ ಮೇಲೆ ಮಧ್ಯಾಹ್ನದ ಬಿಸಿಲು ಬೀಳುವವರೆಗೆ ಕಾದು ತೆಗೆದನು. ಸಂಜೆಗೆ ಕೆಲಸ ಮುಗಿಯಿತು. ಹಿರಿಯರು ತೆರೆಯಲ್ಲಿ ತಮ್ಮ ಕೈಯನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು.

ಚಿತ್ರ ಅಮೆರಿಕಕ್ಕೆ ತಲುಪಿ ಹಣವೂ ಬಂದಿತು. ಜೊತೆಯಲ್ಲಿ ಒಂದು ಕಾಗದವೂ ಬಂದಿತು: ಚಿತ್ರ ಬಹಳ ಚೆನ್ನಾಗಿದೆ, ಲಂಡನ್ನಿನ ಕೊಳ್ಳುವವರಿಗೂ ತೋರಿಸಬೇಕು, ಅವರಿಗಾಗಿ ಇದನ್ನೇ 25ಕ್ಕೆ ಬದಲಾಯಿಸಿ ಕಳುಹಿಸಲಾದೀತೆ ಎಂದು. ಶಿಷ್ಯನು ಅದನ್ನು ಹಿಡಿದುಕೊಂಡು ಮತ್ತೆ ನಮ್ಮ ಮನೆಗೆ ಬಂದಿದ್ದಾನೆ.